ಶಂಭು ಬಾರಿಸದೆ ಉಳಿದ ಸೆರಗು

ಶಂಭು ಹುಬ್ಬಳ್ಳಿಯಿಂದ ಬೇಸ್ ಗಿಟಾರ್ ತಂದ ದಿನ ನಾನು ಅವನ ಮನೆಯ ಪಡಸಾಲೆಯಲ್ಲೇ ಕೂತಿದ್ದೆ. ತೊಂಬತ್ತೇಳನೆಯ ಇಸವಿ ಇರಬೇಕು. ಅವನ ಅಪ್ಪ ಶಿವಸಂಗಪ್ಪ ಸೀರೆ ನೇಯುವವ, ನಾನು ಇಳಕಲ್ಲಿನ ಬಜಾರಿನಲ್ಲಿ ಅದನ್ನು ಮಾರುವವ. ಹೀಗಾಗಿ ಆಗಾಗ ಆ ಮನೆಗೆ ಹೋಗಿ ಚಹಾ ಕುಡಿಯುವುದು, ಸೀರೆಯಲ್ಲಿ ಇಲ್ಲದ ತಪ್ಪು ಹುಡುಕುವುದು ನನ್ನ ವೃತ್ತಿಧರ್ಮ.

ಶಂಭು ಚೀಲ ಬಿಚ್ಚಿ ಗಿಟಾರನ್ನು ಅಪ್ಪನ ಮುಂದೆ ಇಟ್ಟ. ಶಿವಸಂಗಪ್ಪ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದಲೇ ಕೈ ಚಾಚಿ ತಂತಿಗಳ ಮೇಲೆ ಬೆರಳಾಡಿಸಿದ.

"ಗಿಟಾರಿಗೆ ಆರು ತಂತಿ ಇರ್ತಾವಲ್ಲೋ? ಇದಕ್ಕ ನಾಕ ಅದಾವ."

"ಬೇಸ್ ಗಿಟಾರಿಗೆ ನಾಕ ಇರೂದಪಾ."

"ಅಂದ್ರ ಎರಡು ತಂತಿ ಅಂಗಡ್ಯಾಂವ ಇಟಗೊಂಡ." ನನ್ನ ಕಡೆ ತಿರುಗಿದ. "ಸಾವಕಾರ್ರ, ನೀವರೆ ಹೇಳ್ರಿ. ಹಿಂಗ ಮೋಸ ಹೋದ್ರ ಇಂವ ಬಾಳೇ ಹೆಂಗ ಮಾಡ್ತಾನ್ರಿ?"

"ತಂತಿ ದಪ್ಪ ಅದಾವಲ್ಲೋ ಶಿವಸಂಗಪ್ಪ. ತೂಕಕ್ಕ ಸರಿ ಹೋಗತೈತಿ ತಗೋ," ಎಂದೆ. ಒಳಗಿನಿಂದ ಶಂಭುವಿನ ಅವ್ವ ಯಮನವ್ವ ನಕ್ಕಳು. ಶಂಭು ನಗಲಿಲ್ಲ.

ಈ ಹುಚ್ಚು ಹತ್ತಿದ್ದು ಬಾದಾಮಿಯಲ್ಲಿ. ಹಿಂದಿನ ವರ್ಷ ಸೀರೆಯ ಗಂಟು ಕೊಟ್ಟು ಅವನನ್ನು ಅಲ್ಲಿಗೆ ಕಳಿಸಿದ್ದೆ. ಗುಹೆಗಳ ಹತ್ತಿರದ ಒಬ್ಬ ಅಂಗಡಿಕಾರ ಪ್ರವಾಸಿಗರಿಗೆ ನಮ್ಮ ಸೀರೆ ಮಾರುತ್ತಿದ್ದ. ಅಲ್ಲಿಯ ಕೆಂಪು ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮೆಟ್ಟಿಲು ಇರುವ ಕಡೆ ಹತ್ತುವುದು ಅವರಿಗೆ ರುಚಿಸುವುದಿಲ್ಲ. ಅಂಥ ಒಬ್ಬ ಪರದೇಶಿ ಮುಂಗೈ ಉಳುಕಿಸಿಕೊಂಡು ಅಂಗಡಿಯ ನೆರಳಲ್ಲಿ ಟೇಪ್ ರೆಕಾರ್ಡರ್ ಹಚ್ಚಿಕೊಂಡು ಕೂತಿದ್ದನಂತೆ. ಶಂಭು ಬಸ್ಸು ಬಿಟ್ಟು ಅವನ ಪಕ್ಕದಲ್ಲೇ ಕೂತುಬಿಟ್ಟ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಹೋಗುವಾಗ ಅವನು ಕ್ಯಾಸೆಟ್ಟನ್ನು ಶಂಭುವಿನ ಕೈಗಿಟ್ಟು ಹೋದ. ಮೇಲಿನ ಬರಹ ಬೆವರಿಗೆ ಅಳಿಸಿತ್ತು. ಬಾರಿಸಿದವರು ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ.

"ಕಾಕಾ, ಇದರಾಗ ಒಂದ ಹಾಡು ಒಂದು ಬಾಜೂ ಪೂರಾ ಐತ್ರಿ. ಮುಗ್ಯಾಂಗೇ ಇಲ್ಲ," ಎಂದು ಅಂಗಡಿಗೆ ಓಡಿ ಬಂದ.

"ಟೇಪ್ ಸಿಕ್ಕೊಂಡಿರಬೇಕು ನೋಡು."

"ಇಲ್ರಿ. ಹೋಗ್ತ ಹೋಗ್ತ ಬ್ಯಾರೇನ ಹಾಡ ಆಗತೈತಿ, ಮತ್ತ ಇನ್ನೊಂದ ಆಗತೈತಿ. ಆದ್ರ ತಳದಾಗ ಒಂದು ದಪ್ಪ ದನಿ ಐತಿ, ಅದು ಎಲ್ಲಾನೂ ಹಿಡಕೊಂಡು ನಿಂತೈತಿ. ನನಗ ಅದು ಬೇಕ್ರಿ ಕಾಕಾ."

ಬೆಲೆ ಕೇಳದೆ ಬೇಕು ಅನ್ನುವ ಗಿರಾಕಿಯನ್ನು ಕಂಡರೆ ನಮ್ಮಂಥವರಿಗೆ ಸಂತೋಷ, ಅವನ ಮನೆಯವರಿಗೆ ಸಂಕಟ. ಶಂಭು ಆ ಜಾತಿಯ ಗಿರಾಕಿ.

ಊರಿನಲ್ಲಿ ಆಗ ಬನಶಂಕರಿ ಮೆಲೋಡೀಸ್ ಎಂಬ ಆರ್ಕೆಸ್ಟ್ರಾ ಇತ್ತು. ಮದುವೆ, ಗಣಪತಿ, ಯಾರದೋ ಚುನಾವಣೆಯ ಗೆಲುವು, ಎಲ್ಲಕ್ಕೂ ಅದೇ. ಶಂಭು ಅದನ್ನು ಸೇರಿದ. ಬ್ಯಾಂಡ್ ಕಂಪನಿಯಲ್ಲಿ ಬಡಿದು ಪಳಗಿದ ನಬಿಸಾಬ ಅಲ್ಲಿ ಡ್ರಮ್ ಬಾರಿಸುತ್ತಿದ್ದ. ಇಬ್ಬರಿಗೂ ಮೊದಲ ದಿನವೇ ಗೆಳೆತನವಾಯಿತು. ತೊಂದರೆ ಏನೆಂದರೆ, ನಮ್ಮ ಹಳ್ಳಿಗಳಲ್ಲಿ ಹಾಡು ಕೇಳಿಸುವುದು ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಭೊಂಗಾದಲ್ಲಿ. ತಗಡಿನ ಆ ಭೊಂಗಾ ಚೀರುವ ದನಿಯನ್ನು ಮೂರು ಹೊಲ ದಾಟಿಸುತ್ತದೆ. ದಪ್ಪ ದನಿಯನ್ನು ಬಾಯಿಂದ ಹೊರಗೇ ಬಿಡುವುದಿಲ್ಲ. ಶಂಭು ವರ್ಷಗಟ್ಟಲೆ ಬಾರಿಸಿದ, ಒಂದು ಸ್ವರವೂ ಯಾರ ಕಿವಿಗೂ ಬೀಳಲಿಲ್ಲ. ಬೇವೂರಿನ ಮದುವೆಯೊಂದರಲ್ಲಿ ಹಿರಿಯರೊಬ್ಬರು ಕನಿಕರದಿಂದ ಮೇಲೆ ಬಂದು, "ತಮ್ಮಾ, ನಿನ್ನ ವಾಯರ್ ಹಚ್ಚೂದು ಮರತಾರ ನೋಡು," ಎಂದರಂತೆ. ಆರ್ಕೆಸ್ಟ್ರಾದ ಮಾಲೀಕನೂ ಅವನನ್ನು ಇಟ್ಟುಕೊಂಡದ್ದು ಸಂಗೀತಕ್ಕಲ್ಲ. "ಎತ್ತರ ಅದಾನ್ರಿ. ನಿಂತ್ರ ಸ್ಟೇಜ್ ತುಂಬಿದಂಗ ಕಾಣತೈತಿ," ಎಂದು ನನಗೇ ಹೇಳಿದ್ದ.

ಹೆಣ್ಣು ಕೇಳಲು ಗುಳೇದಗುಡ್ಡಕ್ಕೆ ಹೋದಾಗ ನಾನೂ ಜೊತೆಗಿದ್ದೆ. ವ್ಯಾಪಾರದ ಮಾತಿಗೆ ಒಬ್ಬ ಇರಲಿ ಎಂದು ಕರೆದೊಯ್ದಿದ್ದರು.

"ಹುಡುಗ ಏನ ಮಾಡ್ತಾನ್ರಿ?" ಎಂದ ಹೆಣ್ಣಿನ ಅಪ್ಪ.

"ಬಾರಸ್ತಾನ್ರಿ," ಎಂದ ಶಿವಸಂಗಪ್ಪ.

"ಏನ ಬಾರಸ್ತಾನ?"

ಶಿವಸಂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. "ಕೇಳಸಂಗಿಲ್ರಿ, ಅಂಥಾದ್ದು," ಎಂದ.

ಅದನ್ನು ಮೀರಿಯೂ ಮದುವೆ ಆಯಿತು. ಬಂದ ಸೊಸೆ ಮಹಾನಂದಾ ತಾನೇ ಮಗ್ಗಕ್ಕೆ ಇಳಿಯುವವಳು. ಬಾರಿಸುವ ಗಂಡನನ್ನು ಅವಳ ನೇಯ್ಗೆ ಸಾಕಿತು ಅಂದರೆ ತಪ್ಪಾಗದು.

ಇಷ್ಟರಲ್ಲಿ ಕೀಬೋರ್ಡ್ ಬಾರಿಸಲು ಬಾಗಲಕೋಟೆಯ ರಾಹುಲ ಬಂದು ಸೇರಿದ. ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ನವನಗರಕ್ಕೆ ಹೋದ ಸಂಸಾರ, ಅಪ್ಪ ಸರ್ಕಾರಿ ನೌಕರ, ಮಗ ಕಂಪ್ಯೂಟರ್ ಕಲಿತವ. ಕ್ಯಾಸೆಟ್ ಕೇಳಿ, ಇಂಟರ್‌ನೆಟ್ಟಿನಲ್ಲಿ ಎಲ್ಲೋ ಹುಡುಕಿ, "ಇದಕ್ಕ ಪ್ರೊಗ್ರೆಸಿವ್ ರಾಕ್ ಅಂತಾರ," ಎಂದು ಹೆಸರು ಹಿಡಿದು ತಂದ. ಅಲ್ಲಿಯವರೆಗೆ ತಾನು ಮಾಡುತ್ತಿರುವುದಕ್ಕೆ ಒಂದು ಹೆಸರಿದೆ ಎಂಬುದು ಶಂಭುವಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನು ಅಂಥದ್ದೇ ಸ್ವಂತ ಹಾಡೊಂದನ್ನು ಕಟ್ಟಲು ಶುರುಮಾಡಿದ್ದ.

ಮಾತಿಲ್ಲದ, ಬರೀ ವಾದ್ಯದ, ಊಟ ಮುಗಿಸುವಷ್ಟು ಹೊತ್ತು ಹಿಡಿಯುವ ಹಾಡು ಅದು. ಅದರ ತಾಳದ ಲೆಕ್ಕ ಏಳರದು. ಆ ಏಳು ಎಲ್ಲಿಂದ ಬಂತೆಂದು ಓಣಿಗೆಲ್ಲ ಗೊತ್ತು. ಗೋಡೆಯಾಚೆ ಸಂಗವ್ವನ ಮನೆಯಲ್ಲಿ ಒಂದು ಹಳೆಯ ಪವರ್‌ಲೂಮ್ ಇತ್ತು. ಯಾವುದೋ ಭಾಗ ಸವೆದು, ಆರು ಬಡಿತ ನೆಟ್ಟಗೆ ಬಡಿದು ಏಳನೆಯದಕ್ಕೆ ಕುಂಟುತ್ತಿತ್ತು. ಶಂಭು ಅದರ ಪಕ್ಕದಲ್ಲೇ ಬೆಳೆದವ. ನಬಿಸಾಬನನ್ನು ಆ ಗೋಡೆಗೆ ಆತು ಕೂರಿಸಿ ಕಲಿಸುತ್ತಿದ್ದ.

"ಏಳ ಯಾಕಲೇ ದೋಸ್ತ? ಎಂಟು ಮಾಡೂಣು. ಒಂದ ಹೆಚ್ಚಿಗಿ ಕೊಟ್ರ ಮಂದಿ ಖುಷ್ ಆಗ್ತಾರ," ಎನ್ನುತ್ತಿದ್ದ ನಬಿಸಾಬ.

"ಕುಂಟೂದ ಅದರ ಚಂದ ಲೇ ನಬ್ಯಾ. ನೆಟ್ಟಗ ನಡ್ಯಾವ್ರು ಊರ ತುಂಬ ಅದಾರ."

ಸಂಗವ್ವ ಒಮ್ಮೆ ಮಿಸ್ತ್ರಿಯನ್ನು ಕರೆಸಿದಾಗ ಶಂಭು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ. "ಏ ಭಾಡ್ಯಾ," ಎಂದಳು ಅವಳು, "ನಿನ್ನ ಹಾಡಿನ ಸಲುವಾಗಿ ನಾ ಕುಂಟ ಮಗ್ಗ ಇಟಗೊಂಡು ಕೂಡ್ಲೇನು?" ಆದರೂ ನಬಿಸಾಬನ ಕೈಗೆ ಆ ಕುಂಟು ಹತ್ತುವ ತನಕ ತಡೆದಳು. ಆಮೇಲೆ ರಿಪೇರಿಯಾಯಿತು. ಅಂದಿನಿಂದ ಆ ಏಳು ಲೋಕದಲ್ಲಿ ಉಳಿದದ್ದು ನಬಿಸಾಬನ ಕೈಯಲ್ಲಿ ಮಾತ್ರ.

ಹಾಡಿನ ಹೆಸರು ಕೊಂಡಿ. ಹೊರಗಿನವರಿಗೆ ಒಂದು ಮಾತು ಹೇಳಬೇಕು: ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಪ್ರತಿಯೊಂದು ಎಳೆಗೂ ಸೆರಗಿನ ಒಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಆ ಕೆಲಸ ಹೆಚ್ಚಾಗಿ ಹೆಂಗಸರದು. ಆ ಮನೆಯಲ್ಲಿ ಯಮನವ್ವನದು. ಆ ಹೊತ್ತು ಮಗ್ಗ ನಿಂತಿರುತ್ತದೆ. ಆಮೇಲೆ ಕೆಂಪು ರೇಷ್ಮೆಯ ಸೆರಗು ಬರುತ್ತದೆ. ಶಂಭುವಿನ ಹಾಡೂ ಹಾಗೆಯೇ: ಮೊದಲು ಒಡಲು, ನಡುವೆ ಒಂದು ಬೀಡಿ ಹಚ್ಚಿ ಎರಡು ಜುರುಕಿ ಎಳೆಯುವಷ್ಟು ಪೂರ್ತಿ ಮೌನ, ಆಮೇಲೆ ಬೇಸ್ ಒಂದೇ ಎದ್ದು ಸೆರಗು ಬಿಚ್ಚುವುದು. ಅವನು ನಿಜಕ್ಕೂ ಕಟ್ಟಿದ್ದು ಆ ಸೆರಗನ್ನು. ಒಡಲೆಂಬುದು ಅಲ್ಲಿಗೆ ಹೋಗುವ ದಾರಿ.

"ಸುಮ್ಮ ನಿಂದ್ರೂದಕ್ಕ ಯಾರೂ ರೊಕ್ಕ ಕೊಡಾಂಗಿಲ್ಲೋ. ಆ ನಡುವಿಂದು ತಗದು ಒಗಿ," ಎಂದು ನಾನು ವ್ಯಾಪಾರಿಯ ಬುದ್ಧಿ ಹೇಳಿದೆ.

"ಕೊಂಡಿ ಹಾಕದ ಸೆರಗು ನಿಲ್ತೈತೇನ್ರಿ ಕಾಕಾ? ನೀವ ಹೇಳ್ರಿ," ಎಂದ. ಅಂಥ ಸೀರೆ ತಂದರೆ ನಾನೇ ತಿರುಗಿಸಿ ಕಳಿಸುತ್ತಿದ್ದೆ.

ಅದನ್ನು ಒಮ್ಮೆ, ಮೊದಲಿಂದ ಕೊನೆಯವರೆಗೆ, ತನ್ನ ಓಣಿಯ ಜನರ ಮುಂದೆ, ಬೇಸ್ ಕೇಳಿಸುವಂತೆ ಬಾರಿಸಬೇಕು. ಶಂಭುವಿಗೆ ಬೇಕಾಗಿದ್ದುದು ಇಷ್ಟೇ. ಎರಡು ಸಾವಿರದ ನಾಲ್ಕರಲ್ಲಿ ಅದಕ್ಕೆ ಗಡುವು ಬಂತು. ನಬಿಸಾಬನಿಗೆ ಗೋವಾದ ಸಮುದ್ರ ದಂಡೆಯ ಹೋಟೆಲ್ಲಿನಲ್ಲಿ ಡ್ರಮ್ ಬಾರಿಸುವ ಕೆಲಸ ಸಿಕ್ಕಿತ್ತು. ಬರುವ ಸೋಮವಾರ ಹೊರಡಬೇಕು. ಅವನ ತಾಯಿ ಅಮೀನಬಿಯ ದವಾಖಾನೆಯ ಖರ್ಚು ಗೊತ್ತಿದ್ದ ಯಾರೂ ಹೋಗಬೇಡ ಅನ್ನುವಂತಿರಲಿಲ್ಲ. ಶಂಭುವೂ ಅನ್ನಲಿಲ್ಲ.

ಆ ವಾರವೇ ನೇಕಾರರ ಸಂಘದ ವಾರ್ಷಿಕ ಸಭೆ ಇತ್ತು. ಸಂಘದ ಕಾರ್ಯದರ್ಶಿ ನಾನೇ, ಅಲ್ಲೇ ಬಾರಿಸು ಎಂದೆ. ಹುಬ್ಬಳ್ಳಿಯಿಂದ ಆಳೆತ್ತರದ ಬೇಸ್ ಸ್ಪೀಕರ್ ಡಬ್ಬಿಗಳನ್ನು ಬಾಡಿಗೆಗೆ ತರಿಸಿದೆ. ಅಧ್ಯಕ್ಷ ಹನಮಂತಪ್ಪನವರಿಗೆ ನಡುವಿನ ಮೌನದ ವಿಷಯ ವಿವರವಾಗಿ ಹೇಳಿದೆ. "ಆತ್ರಿ, ಆತ್ರಿ," ಎಂದರು. ಜನರೇಟರ್ ಬೇಡ ಎಂದವರೂ ಅವರೇ. ಸಂಜೆ ಕರೆಂಟ್ ತೆಗೆಯುವ ಹೊತ್ತಿಗೆ ಸಭೆ ಮುಗಿದಿರುತ್ತದೆ ಎಂಬ ನಂಬಿಕೆ. ಸಭೆ ಎಂದಾದರೂ ಹೊತ್ತಿಗೆ ಮುಗಿದದ್ದನ್ನು ನಾನು ಕಂಡಿಲ್ಲ, ಆದರೆ ಅಧ್ಯಕ್ಷರ ನಂಬಿಕೆಗೆ ಕಾರ್ಯದರ್ಶಿ ಅಡ್ಡ ಬರುವ ಪದ್ಧತಿ ನಮ್ಮಲ್ಲಿಲ್ಲ.

ಬಿಸಿಲು ಇಳಿಯುವಾಗ ಶುರುವಾಯಿತು. ಶಂಭು ಮೊದಲ ತಂತಿ ಮೀಟಿದ ಕೂಡಲೇ ಪಾನ್ ಅಂಗಡಿಯ ಬರಣಿಗಳು ಗಲಗಲ ಅಂದವು. ಚಪ್ಪರದ ತಗಡು ನಡುಗಿತು. ಏಳು ವರ್ಷ ಅವನನ್ನು ಸುಮ್ಮನೆ ನಿಂತವನೆಂದು ತಿಳಿದಿದ್ದ ಊರು ಎದೆಯ ಮೇಲೆ ಕೈ ಇಟ್ಟುಕೊಂಡಿತು.

"ಇದೇನ್ರಿ ಸಾವಕಾರ್ರ, ಎದೀ ಒಳಗ ಬಡ್ಯಾಕತ್ತೈತಿ!" ಎಂದರು ಹನಮಂತಪ್ಪ.

"ಅದ ಬೇಸ್ ರಿ."

"ಹಿಂಗಿದ್ರ ಮದಲ ಯಾಕ ಬಾರಸಲಿಲ್ಲ ಇಂವ?"

ನಬಿಸಾಬನ ಕೈಯಲ್ಲಿ ಸಂಗವ್ವನ ಹಳೆಯ ಮಗ್ಗ ಮತ್ತೆ ಕುಂಟುತ್ತ ನಡೆಯಿತು. ಜನ ಗುರುತು ಹಿಡಿದರು. "ನನ್ನ ಮಗ್ಗ!" ಎಂದು ಸಂಗವ್ವ ಹೆಂಗಸರ ನಡುವೆ ಎದ್ದೇ ನಿಂತಳು. ಗದ್ದಲ ಮಾಡುವ ಜನ, ಸಭೆಗಳಲ್ಲಿ ಚುರುಮುರಿ ತಿನ್ನುವ ಜನ, ಒಂದು ಮಾತಾಡದೆ ಕೂತರು. ಶಿವಸಂಗಪ್ಪ ಕಣ್ಣು ಮುಚ್ಚಿ ಕಾಲು ಆಡಿಸುತ್ತಿದ್ದ, ಕುಣಿಯಲ್ಲಿ ಕೂತವನ ಹಾಗೆ.

ಒಡಲು ಮುಗಿಯಿತು. ಮೌನ ಬಂತು.

ಶಂಭು ತಲೆ ಬಗ್ಗಿಸಿ, ತಂತಿಯ ಮೇಲೆ ಅಂಗೈ ಇಟ್ಟು ನಿಂತಿದ್ದ. ಮುಂದಿನ ಸಾಲಿನಲ್ಲಿ ಯಮನವ್ವನ ಬೆರಳುಗಳು ಮಡಿಲಲ್ಲಿ ಎಳೆ ಕೂಡಿಸುವ ಹಾಗೆ ತಾವೇ ಆಡತೊಡಗಿದ್ದವು. ಇದು ಕೊಂಡಿ ಎಂದು ಅವಳಿಗೆ ತಿಳಿದಿತ್ತು.

ಉಳಿದವರಿಗೂ ಒಂದು ತಿಳಿದಿತ್ತು. ನೇಕಾರರ ಓಣಿಯಲ್ಲಿ ಮಗ್ಗ ನಡೆಯುವಾಗ ನೇಯುವವನನ್ನು ಯಾರೂ ಮಾತಾಡಿಸುವುದಿಲ್ಲ. ಬೀಗರು ಬಂದರೂ, ಕೆಟ್ಟ ಸುದ್ದಿ ಇದ್ದರೂ, ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಮಗ್ಗ ನಿಂತಿತೋ, ಒಳಗೆ ಬರುತ್ತಾರೆ. ನಿಂತಾಗ ಬಾರದಿದ್ದರೆ ಅದು ಸೊಕ್ಕು. ಅಷ್ಟು ಹೊತ್ತು ಊರು ಉಸಿರು ಹಿಡಿದು ಕೂತದ್ದು ಇದೇ ಮರ್ಯಾದೆಗೆ. ಹುಬ್ಬಳ್ಳಿಯಲ್ಲಾದರೆ ಕೂತೇ ಇರುತ್ತಿದ್ದರೋ ಏನೋ. ನಮ್ಮವರು ಮೌನ ಬಿದ್ದ ಕೂಡಲೇ ಒಟ್ಟಿಗೆ ಎದ್ದರು.

ಎಲ್ಲರಿಗಿಂತ ಮುಂದೆ ಹನಮಂತಪ್ಪ. ನಾನು ಅವರ ಧೋತರದ ಚುಂಗು ಹಿಡಿದೆ.

"ಅಧ್ಯಕ್ಷರ, ಕೂಡ್ರಿ. ಇನ್ನೂ ಐತಿ. ಹೇಳಿದ್ನಲ್ರಿ!"

"ಬಿಡ್ರಿ ಸಾವಕಾರ್ರ, ನಿಂತೈತಿ. ನಿಂತಾಗ ಹೋಗಬೇಕು."

ಧೋತರ ನನ್ನ ಕೈಯಲ್ಲಿ ಉಳಿಯುವ ಲಕ್ಷಣ ಕಂಡಿತು. ಬಿಟ್ಟೆ.

"ತಡೀರೋ, ಇನ್ನೂ ಎಳಿ ಕೂಡಿಲ್ಲ, ತಡೀರೋ," ಎಂದು ಯಮನವ್ವ ಕೂಗಿದಳು. ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

ವೇದಿಕೆ ತುಂಬಿಹೋಯಿತು. ಶಂಭುವಿನ ಹೆಗಲಿಗೆ, ಗಿಟಾರಿನ ಪಟ್ಟಿಯ ಮೇಲೆಯೇ, ಶಾಲು ಬಿತ್ತು. ಹಾರ ಬಂದು ತಂತಿಗಳ ಮೇಲೆ ಜೋತು ಬಿತ್ತು. ಒಂದು ಕೈಗೆ ತೆಂಗಿನಕಾಯಿ, ಇನ್ನೊಂದಕ್ಕೆ ಬಾಳೆಹಣ್ಣಿನ ಚಿಪ್ಪು.

"ಬಾರಸಾಗ ತ್ರಾಸ ಕೊಡಬಾರದಂತ ತಡಕೊಂಡಿದ್ದೆ ನೋಡ ತಮ್ಮಾ," ಎಂದರು ಹನಮಂತಪ್ಪ. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ.

"ಕಾಕಾರ, ಇನ್ನೂ ಐತ್ರಿ... ಸೆರಗು..."

"ಇರ್ಲಿ ಇರ್ಲಿ. ಆಮ್ಯಾಲ ಬಾರಸೀಯಂತ. ಮಂದಿ ಕಾಯಾಕತ್ತೈತಿ, ಎರಡ ಮಾತು ಹೇಳಿ ಬಿಡ್ತೇನಿ."

ಒಬ್ಬ ಅಲ್ಲೇ ಮಗಳ ಮದುವೆಗೆ ಕರೆದ. ಇನ್ನೊಬ್ಬ ನಬಿಸಾಬನಿಗೆ, "ಗೋವಾದಾಗ ನಮ್ಮ ಅಳಿಯ ಅದಾನ, ಏನರೆ ಬೇಕಾದ್ರ ಕೇಳು," ಎಂದ. ಬೈಯುವಂಥವರು ಒಬ್ಬರೂ ಇರಲಿಲ್ಲ. ಕುಡಿದವನೊಬ್ಬ ಬಂದು ಗದ್ದಲ ಮಾಡಿದ್ದರೆ ಹಿಡಿದು ಹೊರಗೆ ಹಾಕಬಹುದಿತ್ತು. ಪ್ರೀತಿಯಿಂದ ಬಂದವರನ್ನು ಎಲ್ಲಿ ಹಿಡಿಯುವುದು? ಶಂಭು ನನ್ನ ಕಡೆ ನೋಡಿದ. ಕಾರ್ಯದರ್ಶಿಗಿರಿಯಲ್ಲಿ ಅಷ್ಟು ನಿರುಪಯೋಗಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಹನಮಂತಪ್ಪನವರ ಎರಡು ಮಾತು ನೇಕಾರಿಕೆಯ ಇತಿಹಾಸದಿಂದ ಶುರುವಾಯಿತು. ನೂಲಿನ ದರ, ಸರ್ಕಾರದ ಧೋರಣೆ ದಾಟಿ ಶಂಭುವಿನ ಬಾಲ್ಯದ ಹತ್ತಿರ ಬರುತ್ತಿದ್ದಂತೆ ಕರೆಂಟ್ ಹೋಯಿತು. ಮೈಕು ಸತ್ತಿತು. ಮಾತು ಸಾಯಲಿಲ್ಲ, ಬರಿ ಬಾಯಲ್ಲೇ ಮುಗಿಸಿದರು. ಅಷ್ಟರಲ್ಲಿ ಹುಬ್ಬಳ್ಳಿಯ ಸ್ಪೀಕರಿನವರು ವಾಯರ್ ಸುತ್ತಿಕೊಂಡಿದ್ದರು. ಕುಳಗೇರಿ ಕ್ರಾಸಿನಲ್ಲಿ ಅವರಿಗೆ ಇನ್ನೊಂದು ಕಾರ್ಯಕ್ರಮ ಇತ್ತು.

"ನಾಳೆ ಬಾರಸೂಣೇನಲೇ ದೋಸ್ತ?" ಎಂದ ನಬಿಸಾಬ.

"ಯಾರ ಮುಂದ?" ಎಂದ ಶಂಭು. ಕೈಯಲ್ಲಿ ತೆಂಗಿನಕಾಯಿ ಇನ್ನೂ ಹಾಗೇ ಇತ್ತು.

ಸೋಮವಾರ ನಬಿಸಾಬ ಗೋವಾ ಬಸ್ಸು ಹತ್ತಿದ.

ಆಮೇಲೆ ಪ್ರಯತ್ನ ಆಗಲಿಲ್ಲ ಅಂತಲ್ಲ. ಬಂದ ಡ್ರಮ್ಮಿನವರೆಲ್ಲ ಏಳನ್ನು ಎಂಟು ಮಾಡಿದರು, ಇಲ್ಲವೆ ಆರು. ನವನಗರದ ಕಚೇರಿಯೊಂದರಲ್ಲಿ ನೌಕರಿಗೆ ಸೇರಿದ್ದ ರಾಹುಲ, "ಕಂಪ್ಯೂಟರಿನಾಗ ರೆಕಾರ್ಡ್ ಮಾಡೂಣು ಬಾರೋ, ಡ್ರಮ್ ಅದ ಬಡೀತೈತಿ," ಎಂದು ಶಂಭುವನ್ನು ಕರೆದ. ಹೋದ. ಯಂತ್ರ ಏಳನ್ನು ಏಳೇ ಬಡಿಯಿತು, ಎಲ್ಲೂ ಕುಂಟದೆ. "ಭಾಳ ಆರೋಗ್ಯ ಐತ್ರಿ ಕಾಕಾ ಅದಕ್ಕ," ಎಂದು ಸಂಜೆಯ ಬಸ್ಸಿಗೆ ತಿರುಗಿ ಬಂದ. ಗೋವಾದಿಂದ ನಬಿಸಾಬ ಫೋನ್ ಮಾಡುತ್ತಿದ್ದ. ಅಲ್ಲಿ ನಾಲ್ಕು ಬಿಟ್ಟು ಬೇರೆ ಲೆಕ್ಕ ಕೇಳುವವರಿಲ್ಲ, ತನ್ನ ಕೈಗೂ ಮರೆಯುತ್ತಿದೆ ಎಂದ ಮೇಲೆ ಶಂಭು ಆ ಮಾತು ಎತ್ತುವುದನ್ನು ಬಿಟ್ಟ.

ಇತ್ತ ಊರಿನಲ್ಲಿ ಹಾಡು ಹೆಸರುವಾಸಿಯಾಯಿತು. ಒಡಲು ಮಾತ್ರ. ಎಲ್ಲರೂ ಕೇಳಿದ್ದು ಅಷ್ಟೇ, ಎಲ್ಲರಿಗೂ ಹಿಡಿಸಿದ್ದು ಅಷ್ಟೇ. "ಆ ಸಂಗವ್ವನ ಮಗ್ಗ ಬಾರಸ್ರಿ," ಎಂದು ಮದುವೆಗಳಲ್ಲಿ ಕೇಳತೊಡಗಿದರು. ಹೆಸರೂ ಅದೇ ಆಯಿತು. ಎಂಟರ ಲೆಕ್ಕದಲ್ಲಿ ಅದು ಮದುವೆಗೆ ಇನ್ನೂ ಒಪ್ಪುತ್ತಿತ್ತು. ಬೇವೂರಿನಿಂದ ಮರೋಳದವರೆಗೆ ಎಲ್ಲಿ ಬಾರಿಸಿದರೂ, ನಿಂತ ಕೂಡಲೇ ಹಿರಿಯರು ಶಾಲು ಹಿಡಿದು ಹತ್ತುವುದು ಆ ಹಾಡಿನ ಭಾಗವೇ ಆಗಿಹೋಯಿತು.

ನಾನು ಒಮ್ಮೆ ಹನಮಂತಪ್ಪನವರಿಗೆ ಹೇಳಿದೆ, "ಅಧ್ಯಕ್ಷರ, ಅದು ಅರ್ಧ ರಿ."

"ಅರ್ಧ ಇಷ್ಟ ಚಂದ ಐತಿ ಅಂದ್ರ ಪೂರಾ ಯಾಕ್ರಿ ಬೇಕು?" ಎಂದರು.

ಬಣ್ಣ ಬಿಡುವ ಸೀರೆಯನ್ನೂ ಮಾತಿನಲ್ಲೇ ಮಾರಿದ ಮನುಷ್ಯ ನಾನು. ಈ ಒಂದು ಸೆರಗನ್ನು ಊರಿಗೆ ಬೇಕು ಅನ್ನಿಸುವಂತೆ ಮಾಡಲು ನನ್ನಿಂದ ಆಗಲಿಲ್ಲ.

ಎರಡು ಸಾವಿರದ ಎಂಟರ ಹೊತ್ತಿಗೆ ಬೇಸಿನ ಕೆಲಸವನ್ನು ಕೀಬೋರ್ಡಿನ ಎಡಗೈಯೇ ಮಾಡತೊಡಗಿತ್ತು. ಶಂಭು ಹಗಲು ಪವರ್‌ಲೂಮಿಗೆ ಹೋಗತೊಡಗಿದ. ಅವನನ್ನು ಆಮೇಲೂ ಕರೆಯುತ್ತಿದ್ದುದು ಆ ಒಂದು ಹಾಡಿಗೆ. ಆ ವರ್ಷ ಹುನಗುಂದದಲ್ಲಿ ನಮ್ಮ ಬೀಗರ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ. ಡ್ರಮ್ಮಿಗೆ ಅಮೀನಗಡದ ಕಡೆಯ ಹೊಸಬನೊಬ್ಬ ಇದ್ದ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದೆ. ಒಡಲು ಮುಗಿಯುತ್ತ ಬಂತು. ಬೀಗರು ಶಾಲಿನ ಮಡಿಕೆ ಬಿಚ್ಚಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು. ಕೊನೆಯ ತಂತಿ ಇನ್ನೂ ನಡುಗುತ್ತಿರುವಾಗಲೇ ಶಂಭು ಪಟ್ಟಿಯನ್ನು ಕೊರಳಿಂದ ತೆಗೆದು, ಗಿಟಾರನ್ನು ಗೋಡೆಗೆ ಒರಗಿಸಿ, ಶಾಲು ಹೊದಿಸಲು ಅನುಕೂಲವಾಗುವಂತೆ ಕೊರಳು ಬಗ್ಗಿಸಿ ನಿಂತ.

ಡ್ರಮ್ಮಿನವ ಕೋಲು ಕೈಯಲ್ಲಿ ಹಿಡಿದೇ ಕೇಳಿದ, "ಅಣ್ಣಾ, ಮುಂದೇನೋ ಇದ್ದಂಗ ಅನಸ್ತು. ಐತೇನು?"

ಶಂಭು ತಲೆ ಎತ್ತಲಿಲ್ಲ.

"ಇಲ್ಲಪಾ. ಇಷ್ಟ," ಎಂದ.